ಹೆಸರು ಬಿಟ್ಟು, ಗುರುತು ಇಟ್ಟು

ಸರ್ ತೀರಿಕೊಂಡ ಹನ್ನೊಂದನೆಯ ದಿನ ಹಗರಿಬೊಮ್ಮನಹಳ್ಳಿಯಲ್ಲಿ ಶಿಕ್ಷಕರೆಲ್ಲ ಸೇರಿ ನುಡಿನಮನ ಇಟ್ಟುಕೊಂಡಿದ್ದರು. ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳಿಂದ ಜನ ಬಂದಿದ್ದರು. ನಮ್ಮ ಹರಪನಹಳ್ಳಿ ಕಡೆಯವರೂ ಇಬ್ಬರಿದ್ದರು. ಮೈಕು ಹಿಡಿದವರದೆಲ್ಲ ಒಂದೇ ಮಾತು: ಮಕ್ಕಳಿಗೆ ಓದಿದ್ದನ್ನು ಅರ್ಥ ಮಾಡಿಕೊಳ್ಳುವುದು ಹೇಗೆಂದು ಕಲಿಸಿದವರು ಅಂದರೆ ಅವರು. ಸುಳ್ಳಲ್ಲ. ನನ್ನ ಸರದಿ ಬಂದಾಗ ಗಂಟಲು ಕಟ್ಟಿದೆ ಎಂದು ಕೈಯಾಡಿಸಿಬಿಟ್ಟೆ. ದುಃಖಕ್ಕೆ ಕಟ್ಟಿದೆ ಎಂದುಕೊಂಡು ಪಕ್ಕದಲ್ಲಿದ್ದ ಟೀಚರು ನನ್ನ ಬೆನ್ನು ಸವರಿದಳು. ಕಟ್ಟಿದ್ದು ಸಿಟ್ಟಿಗೆ. ಏಳು ವರ್ಷದ ಸಿಟ್ಟು ಅದು, ಹಾರ ಹಾಕಿದ ಫೋಟೋದ ಮುಂದೆ ಕೂತರೂ ಇಳಿಯಲಿಲ್ಲ.

ಸಭೆ ಮುಗಿದ ಮೇಲೆ ನೆನಪಿನ ಸಂಚಿಕೆಯ ಮಾತು ಬಂತು. ಅವರ ಜೊತೆ ಹೆಚ್ಚು ವರ್ಷ ಕೆಲಸ ಮಾಡಿದವರು ನೀವು, ನಾಲ್ಕು ಪುಟ ಬರೆದುಕೊಡಿ ಎಂದು ಬೆನ್ನು ಹತ್ತಿದರು. ಬೇಡ ಎಂದೆ. ಬಿಡಲಿಲ್ಲ. ಆಯಿತು, ಬರೆಯುತ್ತೇನೆ. ಹೊಗಳಬೇಕಾದ್ದನ್ನು ಬಾಯಿತುಂಬ ಹೊಗಳುತ್ತೇನೆ, ಆದರೆ ಉಳಿದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರೆಯುವುದು ನನ್ನಿಂದಾಗದು. ಅಚ್ಚು ಹಾಕುವುದು ಬಿಡುವುದು ಅವರಿಷ್ಟ.

ಹಂಪಸಾಗರದ ಕಡೆಯ ಒಂದು ಹಳ್ಳಿಯ ಶಾಲೆಗೆ ನಾನು ವರ್ಗವಾಗಿ ಬಂದಾಗ ನನ್ನ ಮಗಳು ಸೌಮ್ಯಳಿಗೆ ಮೂರು ವರ್ಷ. ಬಸ್ಸಿಳಿದು, ಒಂದು ಕಂಕುಳಲ್ಲಿ ಕೂಸು, ಇನ್ನೊಂದರಲ್ಲಿ ಬ್ಯಾಗು ಇಟ್ಟುಕೊಂಡು ಶಾಲೆಯ ಅಂಗಳಕ್ಕೆ ಬಂದರೆ, ಒಬ್ಬ ಎತ್ತರದ ಮನುಷ್ಯ ಗೋಡೆಯ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದರು. ಬಲಗೈಯ ತೋರುಬೆರಳು ಅರ್ಧ ಇರಲಿಲ್ಲ. ಚಿಕ್ಕವರಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟದ್ದಂತೆ. ಸೀಮೆಸುಣ್ಣವನ್ನು ಹೆಬ್ಬೆರಳಿಗೂ ನಡುಬೆರಳಿಗೂ ಸಿಕ್ಕಿಸಿಕೊಂಡು ಬರೆಯುವರು, ಅಕ್ಷರ ಮಾತ್ರ ಮುತ್ತು. ಏನನ್ನಾದರೂ ತೋರಿಸುವಾಗ ಆ ಮೋಟು ಬೆರಳನ್ನೇ ಚಾಚುವರು. ಅದು ಎತ್ತ ತೋರಿಸುತ್ತಿದೆ ಎಂದು ತಿಳಿಯದೆ ಮಕ್ಕಳು ಮೂರು ದಿಕ್ಕಿಗೆ ನೋಡುವವು, ಅವರು ನಗುವರು. ಹಿರಿಯರಾದ್ದರಿಂದ ಮುಖ್ಯ ಗುರುಗಳ ಚಾರ್ಜೂ ಅವರದೇ ಇತ್ತು. ನನ್ನ ಆದೇಶದ ಕಾಗದ ನೋಡುವ ಮೊದಲು ಕೂಸಿಗೆ ಬಿಸ್ಕತ್ತು ಕೊಟ್ಟರು.

ನಾಲ್ಕನೆಯ ತರಗತಿ ಅವರದು. ಒಮ್ಮೆ ಯಾರೋ ದೊಡ್ಡವರ ಜೀವನಚರಿತ್ರೆಯ ಪಾಠ ನಡೆದಿತ್ತು. ಹುಟ್ಟಿದ ಊರು, ತಂದೆತಾಯಿ, ಪಡೆದ ಬಿರುದು, ಎಲ್ಲವನ್ನೂ ಮಕ್ಕಳು ಒಂದೇ ಉಸಿರಿಗೆ ಒಪ್ಪಿಸಿದವು. ಮಹಾಪುರುಷರು ಅಂದರೆ ಯಾರು ಎಂದು ಇವರು ಕೇಳಿದರು. ಒಬ್ಬಳು ಎದ್ದು ನಿಂತು, "ಸತ್ತವರ್ರಿ ಸರ್" ಎಂದಳು. ಅವತ್ತು ಊಟದ ಬಿಡುವಿನಲ್ಲಿ ಅದನ್ನು ಹೇಳಿ ಹೇಳಿ ನಕ್ಕರು, ನಗುತ್ತಲೇ ಸಪ್ಪಗಾದರು. ಬದುಕಿದವರ ಬಗ್ಗೆ ಓದಿಸಬೇಕು, ದಿನಾ ಎದುರಿಗೆ ಕಾಣುವವರ ಬಗ್ಗೆ ಓದಿಸಬೇಕು, ಆವಾಗ ನೋಡ್ರಿ ಟೀಚರ್ ಎಂದರು.

ಹಾಗೆ ಶುರುವಾದದ್ದು ಕಾರ್ಡಿನ ಕೆಲಸ. ಊರಿನ ಮದುವೆಗಳ ಲಗ್ನಪತ್ರಿಕೆಗಳನ್ನೆಲ್ಲ ಕೂಡಿಟ್ಟು, ಅವುಗಳ ಖಾಲಿ ಬೆನ್ನಿನ ಮೇಲೆ ಹಸಿರು ಶಾಯಿಯಲ್ಲಿ ಊರಿನ ಒಬ್ಬೊಬ್ಬರ ಬಾಳನ್ನು ಹತ್ತು ಹನ್ನೆರಡು ಸಾಲಿನಲ್ಲಿ ಬರೆಯುವರು. ಒಂದು ಕಡೆ ಗಣಪತಿ, ವಧೂವರರು. ತಿರುಗಿಸಿದರೆ ಒಂದು ಜೀವನ. ಹೆಸರು ಬರೆಯುತ್ತಿರಲಿಲ್ಲ. ಆದರೆ ಒಂದು ಗುರುತು ಇರಲೇಬೇಕು, ಓದಿದವರು ಅದನ್ನು ಹಿಡಿದುಕೊಂಡು ಆ ಮನುಷ್ಯನನ್ನು ಪತ್ತೆ ಮಾಡಬೇಕು. ಕೆಳಗೆ ಮೂರು ಪ್ರಶ್ನೆ. ಮೊದಲನೆಯದರ ಉತ್ತರ ಕಾರ್ಡಿನಲ್ಲೇ ಇರುತ್ತಿತ್ತು, ಎರಡನೆಯದಕ್ಕೆ ತಲೆ ಓಡಿಸಬೇಕು. ಮೂರನೆಯದು ಯಾವಾಗಲೂ ಒಂದೇ: ಯಾರಿವರು? ಹೋಗಿ ಕೇಳಿ ಬನ್ನಿ.

ಒಂದು ಕಾರ್ಡು ನನಗೆ ಈಗಲೂ ಬಾಯಿಪಾಠ. ಇವರು ದಿನಾ ಊರಿಗೆಲ್ಲ ಕೊಡುತ್ತಾರೆ, ತಡವಾದರೆ ಊರಿನವರಿಂದ ಬೈಸಿಕೊಳ್ಳುತ್ತಾರೆ, ಇವರ ಮನೆಗೆ ಮಾತ್ರ ಎಲ್ಲರಿಗಿಂತ ಕೊನೆಗೆ ಸಿಗುತ್ತದೆ ಎಂದಿತ್ತು. ಅರ್ಧ ತರಗತಿ ರೇಷನ್ ಅಂಗಡಿಗೆ ಓಡಿಹೋಗಿ ಬೈಸಿಕೊಂಡು ಬಂತು. ಕೊನೆಯ ಸಾಲು ಓದಲಿಲ್ಲ, ಅದಕ್ಕೇ ಹಿಂಗಾತು ಎಂದು ಇವರು ಮತ್ತೆ ಕೂರಿಸಿ ಓದಿಸಿದರು. ಇವರ ಪ್ಯಾಂಟು ಯಾವಾಗಲೂ ಮೊಣಕಾಲಿನ ತನಕ ಮಡಚಿರುತ್ತದೆ ಎಂಬುದು ಕೊನೆಯ ಸಾಲು. ಆಗ ತಿಳಿಯಿತು, ನಲ್ಲಿ ನೀರು ಬಿಡುವವನು. ಮಕ್ಕಳೆಲ್ಲ ಅವನ ಮನೆಗೆ ಹೋಗಿ ನೀನೇ ಏನು ಎಂದು ಕೇಳಿದಾಗ ಆ ಮನುಷ್ಯ ಕಾರ್ಡನ್ನು ಇಸಿದುಕೊಂಡು, ತನಗೆ ಓದಲು ಬಾರದಿದ್ದರೂ ತಿರುಗಿಸಿ ತಿರುಗಿಸಿ ನೋಡಿ ಅತ್ತುಬಿಟ್ಟನಂತೆ.

"ಓದೋದಂದ್ರ ಹುಡುಕೋದ್ರಿ ಟೀಚರ್" ಎನ್ನುವರು. "ಹುಡುಕಾಕ ಏನರ ಇರಬೇಕು, ಅಷ್ಟ."

ಇದ್ದದ್ದನ್ನು ಇದ್ದಂತೆ ಹೇಳಬೇಕು. ಕ, ಮ, ಲ ಎಂದು ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಮೊದಲಿನದು ಮರೆಯುತ್ತಿದ್ದ ಮಕ್ಕಳು, ಆರು ತಿಂಗಳಿನಲ್ಲಿ ಸಾಲಿನ ಹಿಂದೇನಿದೆ ಎಂದು ಮೂಸಿ ನೋಡುವಂತಾದವು. ಈ ಮನುಷ್ಯ ಯಾಕೆ ಹೀಗೆ ಮಾಡಿದ, ಹೀಗೆ ಮಾಡದಿದ್ದರೆ ಏನಾಗುತ್ತಿತ್ತು ಎಂದು ವಾದಕ್ಕೆ ಬೀಳುವವು. ನಾನು ಕಲಿಸುತ್ತಿದ್ದ ಮೂರನೆಯ ತರಗತಿಗೂ ಅವರ ಹಾದಿಯನ್ನೇ ಹಿಡಿದೆ. ನನಗೆ ಟೀಚರಾಗುವುದನ್ನು ಕಲಿಸಿದವರು ಅವರು. ಸರ್ ಹೇಳಿದರೆ ಮುಗಿಯಿತು ಎಂಬಂತಿದ್ದೆ, ಅಷ್ಟು ಹುಚ್ಚು ನನಗೆ.

ಒಂದೇ ಒಂದು ಸಲ ಒಬ್ಬರು ತಕರಾರು ತಂದರು. ಟೇಲರ್ ಖಾಸಿಂ ಸಾಬರು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವರು. ಅವರ ಕಾರ್ಡಿನಲ್ಲಿ, ಇವರು ಏಳನೆಯ ತರಗತಿಯಲ್ಲಿ ಎರಡು ಸಲ ಫೇಲಾಗಿ ಮನೆ ಬಿಟ್ಟು ಓಡಿಹೋಗಿ, ಲಾರಿ ತೊಳೆದು, ಕೊನೆಗೆ ಸೂಜಿ ಹಿಡಿದರು ಎಂದಿತ್ತು. ಸಾಬರು ತಮ್ಮ ಗಂಡುಮಕ್ಕಳಿಗೆ ತಾವು ಹತ್ತನೆಯದು ಪಾಸು ಎಂದು ಹೇಳಿಕೊಂಡು ಬಂದಿದ್ದರು. ಗೇಟಿನ ಹತ್ತಿರ ನಿಂತು, ಒಳಗೂ ಬರದೆ, "ಬರಿಯೂಕಿಂತ ಮೊದ್ಲು ಒಂದ್ ಮಾತು ನನ್ನ ಕೇಳಬೇಕಿತ್ತಲ್ರಿ ಸರ್" ಎಂದರು. ಸರ್ ಬಾಯಿ ತೆರೆಯುವ ಮೊದಲೇ ನಾನು ನಡುವೆ ಬಾಯಿ ಹಾಕಿದೆ. ಹೆಸರು ಹಾಕಿಲ್ಲವಲ್ಲ ಬಿಡಿ ಸಾಬರೆ, ನಿಮ್ಮನ್ನು ಹೊಗಳಿಯೇ ಬರೆದಿದ್ದಾರೆ ಎಂದು ನಕ್ಕೆ. ಸರ್ ಕೂಡ ನಕ್ಕರು. ಸಾಬರು ನಮ್ಮಿಬ್ಬರ ಮುಖ ನೋಡಿ ಹೊರಟುಹೋದರು.

ಈಗ ನನ್ನ ವಿಷಯಕ್ಕೆ ಬರಲೇಬೇಕು.

ಸೌಮ್ಯ ನನ್ನ ಅಕ್ಕನ ಮಗಳು. ಅಕ್ಕ ಹೆತ್ತ ಎಂಟನೆಯ ದಿನ ಬಳ್ಳಾರಿಯ ಆಸ್ಪತ್ರೆಯಲ್ಲಿ ಹೋದಳು. ಭಾವ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ. ಇಪ್ಪತ್ತು ದಿನದ ಕೂಸನ್ನು ನಾನು ಎತ್ತಿಕೊಂಡೆ, ದತ್ತು ಪತ್ರ ಮಾಡಿಸಿಕೊಂಡೆ, ಮದುವೆಯ ಮಾತು ತಂದವರ ಬಾಯಿ ಮುಚ್ಚಿಸಿದೆ. ಹರಪನಹಳ್ಳಿಯಲ್ಲೇ ಇದ್ದರೆ ಯಾರಾದರೂ ಒಬ್ಬರು ಮಗುವಿನ ಎದುರಿಗೆ ಲೊಚಗುಟ್ಟುತ್ತಾರೆ, ತಾಯಿಲ್ಲದ ಕೂಸು ಎನ್ನುತ್ತಾರೆ ಎಂದೇ ವರ್ಗ ಹಾಕಿಸಿಕೊಂಡು ದೂರ ಬಂದದ್ದು. ಅವಳು ಏಳನೆಯದು ಮುಗಿಸಲಿ, ತಿಳಿವಳಿಕೆ ಬರಲಿ, ಆಗ ಟ್ರಂಕಿನಲ್ಲಿರುವ ಅಕ್ಕನ ಫೋಟೋ ತೆಗೆದು ಮಡಿಲಲ್ಲಿಟ್ಟು ನಾನೇ ಹೇಳುತ್ತೇನೆ ಎಂದುಕೊಂಡಿದ್ದೆ. ಹೇಗೆ ಶುರು ಮಾಡಬೇಕೆಂದು ಒಲೆ ಮುಂದೆ, ಬಸ್ಸಿನಲ್ಲಿ, ಸ್ನಾನದ ಕೋಣೆಯಲ್ಲಿ ಎಷ್ಟು ಸಲ ಮನಸ್ಸಿನಲ್ಲೇ ಆಡಿಕೊಂಡಿದ್ದೆನೋ. ಲೋಕದಲ್ಲಿ ಬೇರೆ ಯಾರು ಏನಾದರೂ ಹೇಳಿಕೊಳ್ಳಲಿ, ಆ ಒಂದು ಮಾತು ಮಾತ್ರ ನನ್ನ ಬಾಯಿಂದ ನನ್ನ ಮಗಳ ಕಿವಿಗೆ ಬೀಳಬೇಕಿತ್ತು.

ಒಂದನೆಯ ತರಗತಿಗೆ ಸೇರಿಸುವಾಗ ಜನನ ಪ್ರಮಾಣಪತ್ರ ಕೊಡಲೇಬೇಕಲ್ಲ. ಅದರಲ್ಲಿ ಅಕ್ಕನ ಹೆಸರು. ಸರ್ ಅದನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಹೋಗಿ ಆಫೀಸಿನ ಬಾಗಿಲು ಮುಂದಕ್ಕೆ ಎಳೆದರು. ಆರು ವರ್ಷ ಯಾರ ಹತ್ತಿರವೂ ಹೇಳದ್ದನ್ನು ಅವತ್ತು ಅವರ ಮುಂದೆ ಅತ್ತು ಹೇಳಿದೆ. ನನ್ನ ಎಡಗಿವಿಯ ವಿಷಯವನ್ನೂ ಹೇಳಿದೆ. ಒಂಬತ್ತು ತಿಂಗಳ ಕೂಸಿದ್ದಾಗ ಓಲೆ ಹಿಡಿದು ಜಗ್ಗಿ ಕಿವಿ ಹರಿದಿದ್ದಳು. ಡಾಕ್ಟರು ಹೊಲಿಗೆ ಹಾಕಿದರೂ ಸೀಳು ಹಾಗೆಯೇ ಉಳಿಯಿತು. ಹೆರದಿದ್ದರೂ ಮೈಮೇಲೆ ಒಂದು ಗಾಯ ಆಯಿತಲ್ಲ, ಈಗ ನಾನು ತಾಯಿ ಎಂದು ಆವತ್ತು ಅನಿಸಿತ್ತು ಎಂದೆ. ಸೌಮ್ಯ ಮಲಗುವಾಗ ಆ ಕಿವಿಯನ್ನೇ ಹಿಡಿದುಕೊಳ್ಳುತ್ತಿದ್ದಳು. ನಾನೇ ಹರಿದದ್ದು ಎಂದು ತರಗತಿಯಲ್ಲೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಸರ್ ಕಣ್ಣೊರೆಸಿಕೊಂಡರು. ಪ್ರಮಾಣಪತ್ರವನ್ನು ಮಡಿಚಿ ಕವರಿನಲ್ಲಿಟ್ಟು, "ಇದು ನನ್ನ ಹೊಟ್ಟಿಯಾಗ ಇರ್ತೈತಿ ಬಿಡವ್ವ. ಇಲ್ಲಿಗೇ ಮುಗೀತು" ಎಂದರು. ಅವತ್ತಿನವರೆಗೆ ಟೀಚರ್ ಎನ್ನುತ್ತಿದ್ದವರು ಅವ್ವ ಎಂದದ್ದು ಅದೇ ಮೊದಲು. ತವರುಮನೆ ಸಿಕ್ಕಷ್ಟು ಹಗುರಾದೆ.

ಮಗಳು ನಾಲ್ಕನೆಯ ತರಗತಿಗೆ, ಅವರ ಕೈಗೆ ಬಂದಳು. ಓದುವುದರಲ್ಲಿ ಎಲ್ಲರಿಗಿಂತ ಮುಂದು. ಯಾವ ಕಾರ್ಡು ಕೊಟ್ಟರೂ ಗುರುತು ಹಿಡಿದುಬಿಡುವಳು, ಮೂರನೆಯ ಪ್ರಶ್ನೆಯನ್ನು ಎಂದೂ ಖಾಲಿ ಬಿಟ್ಟವಳಲ್ಲ. ಒಮ್ಮೆ ಅವಳೇ ಕೇಳಿದಳಂತೆ, ಸರ್ ನಿಮ್ಮ ಕಾರ್ಡು ಎಲ್ಲಿ ಎಂದು. ನನ್ನದೇನೈತಿ ಬರಿಯಾಕ ಎಂದು ಮಾತು ಹಾರಿಸಿದ್ದರಂತೆ.

ಅವರ ಕಾರ್ಡುಗಳ ಸುದ್ದಿ ಹಬ್ಬಿ, ಹಗರಿಬೊಮ್ಮನಹಳ್ಳಿಯ ಶಿಕ್ಷಕರ ತರಬೇತಿಗೆ ಅವರನ್ನೇ ಕರೆದರು. ಮಾದರಿಗೆಂದು ಕೆಲವು ಹೊಸ ಕಾರ್ಡು ಬರೆದುಕೊಂಡು ಹೋದರು. ಅಲ್ಲಿ ಅವನ್ನು ಜೆರಾಕ್ಸ್ ಮಾಡಿಸಿ ಶಾಲೆಗೊಂದು ಕಟ್ಟು ಹಂಚಿದರು. ನಮ್ಮ ಶಾಲೆಗೂ ಒಂದು ಕಟ್ಟು ಬಂತು. ಅವರಿನ್ನೂ ತರಬೇತಿಯಲ್ಲೇ ಇದ್ದರು, ನಾಲ್ಕನೆಯ ತರಗತಿಯನ್ನು ನಾನು ನೋಡಿಕೊಳ್ಳುತ್ತಿದ್ದೆ. ಸರ್ ಬರೆದದ್ದು, ಮೊದಲು ಓದಿ ನೋಡುವ ಮಾತೆಲ್ಲಿಯದು? ಮೇಲಿನ ಹಾಳೆಯನ್ನು ನನ್ನ ಕೈಯಾರೆ ಎಲ್ಲರಿಗೂ ಹಂಚಿದೆ. ಗಟ್ಟಿಯಾಗಿ ಓದುವ ಸರದಿ ಸೌಮ್ಯಳದು.

ಇವರು ಒಬ್ಬ ನರ್ಸ್ ಎಂದು ಶುರುವಾಯಿತು. ಇವರ ಅಕ್ಕ ಹೆರಿಗೆಯಾದ ಎಂಟನೆಯ ದಿನ ತೀರಿಕೊಂಡರು ಎಂದು ಓದಿದಳು. ನನ್ನ ಕೈಯಲ್ಲಿದ್ದ ಹಾಳೆಯನ್ನು ನಾನು ಆಗ ನೋಡಿದೆ. ಸಾಕು ನಿಲ್ಲಿಸು ಎನ್ನಬೇಕು, ನಾಲಿಗೆ ಏಳಲಿಲ್ಲ. ಇಪ್ಪತ್ತು ದಿನದ ಕೂಸನ್ನು ಇವರು ತಮ್ಮ ಮಗಳೆಂದು ಸಾಕಿದರು, ಮದುವೆಯಾಗಲಿಲ್ಲ, ಮಗಳಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. ಅವಳು ಸರ್ ಕಲಿಸಿದ ಹಾಗೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಚೆಂದವಾಗಿ ಓದುತ್ತಾ ಹೋದಳು. ಒಂಬತ್ತು ತಿಂಗಳಾದಾಗ ಆ ಕೂಸು ಓಲೆ ಜಗ್ಗಿ ಇವರ ಎಡಗಿವಿ ಹರಿಯಿತು ಎಂಬಲ್ಲಿಗೆ ಬಂದಾಗ ದನಿ ನಿಂತಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ನನ್ನ ಕಡೆ ತಿರುಗಿದಳು. ಆಮೇಲೆ ಇಡೀ ತರಗತಿ ನನ್ನ ಕಿವಿ ನೋಡಿತು. ಹುಡುಕುವುದನ್ನು ಅಷ್ಟು ಚೆನ್ನಾಗಿ ಕಲಿತಿದ್ದವು.

ಸೌಮ್ಯ ಅಳಲಿಲ್ಲ. ಕೂತುಕೊಂಡು ಉತ್ತರ ಬರೆದಳು. ಆ ಹಾಳೆ ನನ್ನ ಹತ್ತಿರ ಇದೆ. ಅಕ್ಕ ಯಾವಾಗ ತೀರಿಕೊಂಡರು ಎಂಬುದಕ್ಕೆ ಎಂಟನೆಯ ದಿನ ಎಂದು ಬರೆದಿದ್ದಾಳೆ. ಮಗಳಿಗೆ ಇವರು ನಿಜವನ್ನು ಏಕೆ ಹೇಳಿಲ್ಲ ಎಂಬ ಪ್ರಶ್ನೆಗೆ, ಗೊತ್ತಿಲ್ಲ ಎಂದು ಬರೆದು ಹೊಡೆದುಹಾಕಿ, ಮಗಳು ಅಳುತ್ತಾಳೆ ಅಂತ ಎಂದು ಬರೆದಿದ್ದಾಳೆ. ಯಾರಿವರು ಎಂಬುದರ ಮುಂದೆ ಏನೂ ಇಲ್ಲ.

ಮನೆಗೆ ಬಂದು ಚೀಲ ಇಟ್ಟವಳೇ ಕೇಳಿದಳು: "ನಾ ನಿನ್ನ ಇನ್ನು ಏನಂತ ಕರೀಲಿ?"

ಅವ್ವ ಅಂತಾನೇ ಕರಿ ಎಂದೆ. ತಲೆಯಾಡಿಸಿದಳು. ಆದರೆ ಮುಂದಿನ ಹನ್ನೊಂದು ದಿನ ಅವಳು ನನ್ನನ್ನು ಏನೆಂದೂ ಕರೆಯಲಿಲ್ಲ. ಊಟಕ್ಕೆ ಹಾಕು, ನೀರು ಕಾದಿದೆ, ಪೆನ್ನು ಕಾಣುತ್ತಿಲ್ಲ. ಮಾತಿಗೆ ತಲೆಯೇ ಇರುತ್ತಿರಲಿಲ್ಲ. ಮಲಗುವಾಗ ಗೋಡೆಯ ಕಡೆ ತಿರುಗಿಕೊಂಡಳು. ಕಿವಿ ಮುಟ್ಟಲಿಲ್ಲ. ಮಕ್ಕಳನ್ನು ಹೆತ್ತವರಿಗೆ ಇದು ಅರ್ಥವಾಗುತ್ತದೋ ಇಲ್ಲವೋ ನನಗೆ ತಿಳಿಯದು. ಹೆರದೆ ತಾಯಿಯಾದವಳಿಗೆ ಆ ಒಂದು ಪದವೇ ಆಸ್ತಿ.

ಸರ್ ತರಬೇತಿ ಮುಗಿಸಿ ಬಂದ ದಿನ ನಾನು ಆಫೀಸಿಗೆ ಹೋಗಿ, ಈ ಸಲ ನಾನೇ ಬಾಗಿಲು ಎಳೆದೆ. ಆ ಹಾಳೆಯನ್ನು ಮೇಜಿನ ಮೇಲಿಟ್ಟೆ. ಅವರ ಮುಖದ ಬಣ್ಣ ಇಳಿಯಿತು.

"ನಮ್ಮ ಶಾಲಿಗೇ ಬರ್ತೈತಂತ ನಾ ಅನ್ಕೊಂಡಿದ್ದಿಲ್ಲವ್ವ. ಹೆಸರು ಹಾಕಿಲ್ಲ ನೋಡು. ನರ್ಸ್ ಅಂತ ಬರದೀನಿ, ಊರೂ ಬ್ಯಾರೆ ಮಾಡೀನಿ."

"ಕಿವಿ ಯಾಕೆ ಇಟ್ರಿ ಸರ್? ಅದನ್ನೂ ತೆಗೀಬಹುದಿತ್ತಲ್ಲ?"

ಅವರು ತಮ್ಮ ಮೋಟು ಬೆರಳನ್ನೇ ತಿಕ್ಕುತ್ತಾ ಕೂತರು. ಆಮೇಲೆ, ಸುಳ್ಳು ಹೇಳಲು ಬಾರದವರ ಹಾಗೆ, "ಅದನ್ನ ತೆಗದ್ರ ಕಾರ್ಡಿನ್ಯಾಗ ಜೀವಾನ ಇರ್ತಿದ್ದಿಲ್ಲವ್ವ" ಎಂದರು.

ಅಷ್ಟೇ. ಕೋಪಕ್ಕೋ ದ್ವೇಷಕ್ಕೋ ಮಾಡಿದ್ದರೆ ನಾನು ಎಂದೋ ಮರೆಯುತ್ತಿದ್ದೆ. ಬಾಯಿ ತಪ್ಪಿ ಆಡಿದ್ದರೂ ಹೋಗಲಿ ಬಿಡು ಎನ್ನುತ್ತಿದ್ದೆ. ಇವರು ಕೂತು, ಯೋಚಿಸಿ, ಇದನ್ನು ಇಟ್ಟರೆ ಚೆಂದ ಎಂದು ಇಟ್ಟವರು. ನಾನು ಅತ್ತು ಹೇಳುತ್ತಿದ್ದಾಗ ಅವರ ಕಣ್ಣಲ್ಲಿ ಬಂದ ನೀರೂ ನಿಜ, ಇದು ಒಳ್ಳೆಯ ಗುರುತು ಎಂದು ಒಳಗೆ ಎತ್ತಿಟ್ಟುಕೊಂಡದ್ದೂ ನಿಜ. ಎರಡೂ ಒಂದೇ ಮನುಷ್ಯನಲ್ಲಿ ಹೇಗಿದ್ದವೋ ನನಗೆ ಆಗ ಬಗೆಹರಿಯಲಿಲ್ಲ. ಛಲೋ ಬಾಳೇವು ನಿಂದು, ಮಕ್ಕಳು ಓದಲಿ ಅಂತ ಬರೆದೆ ಎಂದು ಇನ್ನೂ ಏನೋ ಹೇಳುತ್ತಿದ್ದರು. ನಾನು ಎದ್ದು ಬಂದೆ. ಆ ವರ್ಷದ ಕೊನೆಗೆ ಬೇರೆ ಶಾಲೆಗೆ ಹೋದೆ. ಆಮೇಲೆ ಅವರ ಫೋನು ಎರಡು ಮೂರು ಸಲ ಬಂತು, ಎತ್ತಲಿಲ್ಲ.

ಊರು ಬಿಡುವ ಮೊದಲು ಖಾಸಿಂ ಸಾಬರ ಅಂಗಡಿಗೆ ಹೋದೆ. ಅವರಿಗೆ ಎಲ್ಲ ಸುದ್ದಿ ಮುಟ್ಟಿತ್ತು. ನಾನು ಅವತ್ತು ಗೇಟಿನಲ್ಲಿ ಆಡಿದ ಮಾತನ್ನೇ ಅವರು ನನಗೆ ತಿರುಗಿಸಿ ಆಡಬಹುದಿತ್ತು. ಆಡಲಿಲ್ಲ. ಸ್ಟೂಲು ಎಳೆದು ಕೂರಿಸಿ, ಚಹಾ ತರಿಸಿ, ಮಗಳಿಗೆ ಹೊಸ ಶಾಲೆಯ ಲಂಗದ ಅಳತೆ ತೆಗೆದುಕೊಂಡರು.

ಆ ಕಾರ್ಡು ಓದಿದ ಹನ್ನೆರಡನೆಯ ದಿನ ಸೌಮ್ಯಳನ್ನು ಹರಪನಹಳ್ಳಿಗೆ ಕರೆದುಕೊಂಡು ಹೋಗಿದ್ದೆ, ಅಕ್ಕನನ್ನು ಮಣ್ಣು ಮಾಡಿದ ಜಾಗ ತೋರಿಸಲು. ಟ್ರಂಕಿನ ಫೋಟೋ ಜೊತೆಗಿತ್ತು. ನಾನು ಅಷ್ಟು ವರ್ಷ ಆಡಿಕೊಂಡ ಮಾತುಗಳಲ್ಲಿ ಒಂದೂ ಬಳಕೆಗೆ ಬರಲಿಲ್ಲ, ಯಾಕೆಂದರೆ ಅವಳಿಗೆ ಎಲ್ಲ ಗೊತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ತೂಕಡಿಸುತ್ತಿದ್ದಾಗ, ಅರೆನಿದ್ದೆಯಲ್ಲಿ ಅವಳ ಕೈ ಮೇಲೆ ಬಂದು ನನ್ನ ಕಿವಿ ಹಿಡಿಯಿತು. ಇಳಿಯುವಾಗ ಅವ್ವಾ, ಚೀಲ ತಗೋ ಎಂದಳು. ನಾನು ಚೀಲ ತೆಗೆದುಕೊಂಡೆ. ಆದರೂ ಆ ಮಾತು ನಾನು ಹೇಳಬೇಕಿತ್ತು. ಅದು ಮತ್ತೆ ಸಿಗುವುದಿಲ್ಲ.

ಇದನ್ನು ಬರೆಯುವ ಮೊದಲು ಹೋದ ವಾರ ಕೊಟ್ಟೂರಿಗೆ ಹೋಗಿ ಅವರ ಹೆಂಡತಿಯನ್ನು ಕಂಡೆ. ಅಕ್ಕಾರೆ, ಸರ್ ಬಗ್ಗೆ ಬರೆಯುತ್ತೇನೆ, ಹೊಗಳಿಕೆ ಒಂದೇ ಇರುವುದಿಲ್ಲ, ಬರೆಯಲೇ, ಬೇಡವೇ ಎಂದು ಕೇಳಿದೆ. ಅವರು ಒಳಗಿನಿಂದ ಕಾರ್ಡಿನ ಪೆಟ್ಟಿಗೆ ತಂದು ಮುಂದಿಟ್ಟರು. ಇಡೀ ಊರು ಅದರಲ್ಲಿತ್ತು, ಸರ್ ಒಬ್ಬರನ್ನು ಬಿಟ್ಟು. ಯಾಕೆ ತಮ್ಮದೊಂದು ಬರೆದುಕೊಳ್ಳಲಿಲ್ಲ ಎಂದೆ. ಆ ತಾಯಿ ತಮ್ಮ ಮನೆಯ ಒಂದು ಮಾತು ಹೇಳಿದರು. ನಲವತ್ತು ವರ್ಷ ಗಂಡ ಹೆಂಡತಿ ಇಬ್ಬರೇ ಇಟ್ಟುಕೊಂಡಿದ್ದ ಮಾತು. ಕೇಳಿ ಗರಬಡಿದವಳ ಹಾಗಾದೆ. ಆ ಮನುಷ್ಯ ಯಾಕೆ ಹಾಗಿದ್ದರು, ಊರಿನವರ ಬಾಳನ್ನೆಲ್ಲ ಯಾಕೆ ಹಾಗೆ ಹುಡುಕುತ್ತಿದ್ದರು ಎಂಬುದೆಲ್ಲ ಒಂದೇ ಏಟಿಗೆ ತಿಳಿಯಿತು. "ಉಳಿದದ್ದೆಲ್ಲ ಬರಿಯವ್ವ, ನಿಜಾನ ಬರಿ. ಇದೊಂದು ಬ್ಯಾಡ" ಎಂದರು.

ಆ ಮಾತನ್ನು ಇಲ್ಲಿ ಇಟ್ಟಿದ್ದರೆ ಈ ಚಿತ್ರಕ್ಕೆ ಜೀವ ಬರುತ್ತಿತ್ತು. ನನಗೆ ಗೊತ್ತು, ಅವರೇ ಕಲಿಸಿದ ಕಣ್ಣು ಇದು. ಇಟ್ಟಿಲ್ಲ. ಹೆಸರನ್ನೂ ಹಾಕಿಲ್ಲ. ಬೆರಳಿನ ಗುರುತು ಮಾತ್ರ ಇದೆ, ಅದು ಊರಿಗೆಲ್ಲ ಕಂಡದ್ದು.

ಸೌಮ್ಯ ಈಗ ಪಿಯುಸಿ. ಅವಳನ್ನು ಕೇಳದೆ ಇದನ್ನು ಕಳಿಸುವಂತಿಲ್ಲವೆಂದು ನಿನ್ನೆ ಸಂಜೆ ಅವಳ ಕೈಗೆ ಕೊಟ್ಟೆ. ಸಾಲಿನ ಕೆಳಗೆ ಬೆರಳಿಟ್ಟುಕೊಂಡೇ ಓದಿದಳು, ಆ ರೂಢಿ ಹೋಗಿಲ್ಲ. ಒಂದು ಕಡೆ ಕಾಗುಣಿತ ತಿದ್ದಿದಳು. ಕಳಿಸು ಎಂದಳು. ಆಮೇಲೆ, ಅವರ ಹೆಂಡತಿ ಹೇಳಿದ್ದೇನು ಎಂದು ಕೇಳಿದಳು.

"ಅದು ನನ್ನ ಮಾತಲ್ಲ, ನಾ ಹೇಳಕ್ಕೆ ಬರಲ್ಲ" ಎಂದೆ.

ಅವಳು ಹಾಳೆಗಳನ್ನು ಒಟ್ಟು ಮಾಡಿದಳು. "ಹಂಗಾರೆ ಸರ್‌ಗೆ ತಮ್ಮದಲ್ಲದ ಮಾತು ಹೇಳಬಾರ್ದು ಅಂತ ಗೊತ್ತಿರಲಿಲ್ಲೇನವ್ವಾ?"

ಗೊತ್ತಿತ್ತು, ಎಂದೆ.